ಪಿಕಪ್ ಗಾಡಿ ಎಳೆಯುತ್ತಿಲ್ಲವೇ? ಏರ್‌ಫ್ಲೋ ಸೆನ್ಸರ್ ದೋಷ ಪತ್ತೆ ಮತ್ತು ಕ್ಲೀನಿಂಗ್

ಗಾಡಿ ಖಾಲಿ ಇದ್ದಾಗ ಸುಮಾರಾಗಿ ಓಡುತ್ತದೆ. ಸಾಮಾನು ತುಂಬಿ ಏರು ಹತ್ತಿಸಿದರೆ ಮಾತ್ರ ಎಷ್ಟು ರೇಸ್ ಕೊಟ್ಟರೂ ಎಳೆಯುವುದಿಲ್ಲ. ಅಥವಾ ಗಾಡಿ ನಿಲ್ಲಿಸಿದಾಗ ಎಂಜಿನ್ ಏರಿ ಇಳಿದು ಆಫ್ ಆಗುತ್ತದೆ. ಜೊತೆಗೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ಎಂಜಿನ್ ಲೈಟ್. ಇಂಥ ಪಿಕಪ್ ಬಗ್ಗೆ ಯಾರನ್ನು ಕೇಳಿದರೂ ಮೊದಲು ಬರುವ ಮಾತು ‘ಏರ್‌ಫ್ಲೋ ಸೆನ್ಸರ್ ಹೋಗಿದೆ, ಹೊಸದು ಹಾಕಿ’ ಅಂತ.

ಹೋಗಿರಲೂಬಹುದು. ಆದರೆ ಹೊಸದು ತರುವ ಮೊದಲು ನೋಡಬೇಕಾದ್ದು ಬೇಕಾದಷ್ಟಿದೆ. ಈ ಸೆನ್ಸರ್ ತನ್ನ ಮುಂದೆ ಹಾದುಹೋದ ಗಾಳಿಯನ್ನಷ್ಟೇ ಅಳೆಯುತ್ತದೆ. ಸೆನ್ಸರ್ ದಾಟಿದ ಮೇಲೆ ಹೋಸ್ ಹರಿದಿದ್ದರೆ ಅಲ್ಲಿಂದ ನುಗ್ಗುವ ಗಾಳಿ ಅದಕ್ಕೆ ಗೊತ್ತೇ ಆಗುವುದಿಲ್ಲ. ಫಿಲ್ಟರ್ ಕಟ್ಟಿಕೊಂಡಿದ್ದರೆ ಅದು ‘ಗಾಳಿ ಕಡಿಮೆ’ ಎಂದು ನಿಜವನ್ನೇ ಹೇಳುತ್ತದೆ. ಎರಡರಲ್ಲೂ ಸೆನ್ಸರ್‌ನ ತಪ್ಪಿಲ್ಲ, ಆದರೂ ಬದಲಾಗುವುದು ಅದೇ. ಆದ್ದರಿಂದ ಇಲ್ಲಿ ಮೊದಲು ಗಾಳಿಯ ದಾರಿ, ಆಮೇಲೆ ಕನೆಕ್ಟರ್ ಮತ್ತು ವೈರಿಂಗ್, ಆಮೇಲೆ ಕ್ಲೀನಿಂಗ್, ಕಟ್ಟಕಡೆಗೆ ಹೊಸ ಸೆನ್ಸರ್.

ಸೆನ್ಸರ್ ಎಲ್ಲಿದೆ, ಹೇಗೆ ಕೆಲಸ ಮಾಡುತ್ತದೆ

ಬಾನೆಟ್ ಎತ್ತಿ. ಏರ್ ಫಿಲ್ಟರ್ ಬಾಕ್ಸ್ ಹುಡುಕಿ. ಅಲ್ಲಿಂದ ಎಂಜಿನ್ ಕಡೆಗೆ ಹೋಗುವ ದಪ್ಪ ಪೈಪಿನ ಶುರುವಿನಲ್ಲಿ, ಅಥವಾ ಬಾಕ್ಸಿನ ಮುಚ್ಚಳದ ಮೇಲೆಯೇ, ಎರಡು ಸ್ಕ್ರೂ ಹಾಕಿ ಕೂರಿಸಿದ ಚಿಕ್ಕ ಪ್ಲಾಸ್ಟಿಕ್ ತುಂಡೊಂದು ಕಾಣುತ್ತದೆ. ಅದಕ್ಕೆ ಮೂರರಿಂದ ಐದಾರು ವೈರ್‌ಗಳ ಕನೆಕ್ಟರ್ ಇರುತ್ತದೆ. ಅದೇ ಮಾಸ್ ಏರ್‌ಫ್ಲೋ ಸೆನ್ಸರ್.

ಅದರ ಒಳಗೆ ಕೂದಲಿನಷ್ಟು ತೆಳುವಾದ ಪ್ಲಾಟಿನಂ ತಂತಿ ಇರುತ್ತದೆ, ಅಥವಾ ಪುಟ್ಟ ಫಿಲ್ಮ್ ಪಟ್ಟಿ. ಕರೆಂಟ್ ಕೊಟ್ಟು ಅದನ್ನು ಹೊರಗಿನ ಗಾಳಿಗಿಂತ ಇಷ್ಟು ಡಿಗ್ರಿ ಜಾಸ್ತಿ ಬಿಸಿಯಲ್ಲೇ ಇಟ್ಟಿರುತ್ತಾರೆ. ಗಾಳಿ ಹಾದುಹೋದರೆ ತಂತಿ ತಣ್ಣಗಾಗುತ್ತದೆ. ಬಿಸಿ ಚಮಚಕ್ಕೆ ಊದಿದರೆ ಆರುತ್ತದಲ್ವಾ, ಹಾಗೆ. ಮತ್ತೆ ಅದೇ ಬಿಸಿಗೆ ತರಲು ಎಷ್ಟು ಕರೆಂಟ್ ಬೇಕಾಯಿತು ಎನ್ನುವುದರ ಮೇಲೆ ಎಷ್ಟು ಗಾಳಿ ಒಳಗೆ ಹೋಯಿತು ಎಂದು ಎಂಜಿನ್ ಕಂಪ್ಯೂಟರ್ ಲೆಕ್ಕ ಹಾಕುತ್ತದೆ.

ಈಗ ಆ ತಂತಿಯ ಮೇಲೆ ಧೂಳು, ಎಣ್ಣೆಯ ಪದರ ಕೂತಿತು ಅಂದುಕೊಳ್ಳಿ. ಗಾಳಿ ತಂತಿಗೆ ನೇರವಾಗಿ ತಾಗುವುದಿಲ್ಲ. ತಣ್ಣಗಾಗುವುದು ಕಡಿಮೆಯಾಗುತ್ತದೆ. ಕಂಪ್ಯೂಟರ್‌ಗೆ ಗಾಳಿ ಕಡಿಮೆ ಇದೆ ಎನಿಸುತ್ತದೆ. ಪೆಟ್ರೋಲ್ ಗಾಡಿಯಾದರೆ ಅದಕ್ಕೆ ತಕ್ಕಂತೆ ಪೆಟ್ರೋಲ್ ಕಡಿಮೆ ಮಾಡುತ್ತದೆ. ಡೀಸೆಲ್ ಗಾಡಿಯಲ್ಲಿ ಹೊಗೆ ಬರಬಾರದೆಂದು ಡೀಸೆಲ್‌ಗೆ ಮಿತಿ ಹಾಕುತ್ತದೆ. ಫಲ ಒಂದೇ, ಎಳೆತ ಇಲ್ಲ.

ಒಂದು ಮಾತು ಇಲ್ಲೇ ಹೇಳಿಬಿಡಬೇಕು. ಎಲ್ಲ ಪಿಕಪ್‌ಗಳಲ್ಲೂ ಈ ಸೆನ್ಸರ್ ಇರುವುದಿಲ್ಲ. ಕೆಲವು ಎಂಜಿನ್‌ಗಳು ಇಂಟೇಕ್ (ಎಂಜಿನ್‌ಗೆ ಗಾಳಿ ಹೋಗುವ ದಾರಿ) ಒಳಗಿನ ಒತ್ತಡ ಅಳೆದು ಗಾಳಿಯ ಲೆಕ್ಕ ಹಾಕುತ್ತವೆ. ಅಂಥ ಗಾಡಿಯ ಪೈಪಿನಲ್ಲಿ ಎರಡೇ ವೈರಿನ ಚಿಕ್ಕ ಸೆನ್ಸರ್ ಕಂಡರೆ ಅದು ಗಾಳಿಯ ಉಷ್ಣತೆಯದ್ದು, ಏರ್‌ಫ್ಲೋ ಸೆನ್ಸರ್ ಅಲ್ಲ. ಹಳೆಯ ಗಾಡಿಗಳಲ್ಲಿ ಒಳಗೆ ರೆಕ್ಕೆಯಂತೆ ತೆರೆಯುವ ಬಾಗಿಲಿರುವ ಮೀಟರ್‌ಗಳೂ ಇವೆ. ಇಲ್ಲಿ ಹೇಳುವ ಕ್ಲೀನಿಂಗ್ ಬಿಸಿ ತಂತಿ ಅಥವಾ ಬಿಸಿ ಫಿಲ್ಮ್ ಸೆನ್ಸರ್‌ಗಳಿಗೆ ಮಾತ್ರ.

ಕೈ ಹಾಕುವ ಮೊದಲು

ಗಾಡಿ ಸಮತಟ್ಟು ಜಾಗದಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ. ಎಂಜಿನ್ ಆಫ್ ಮಾಡಿದ ಮೇಲೂ ರೇಡಿಯೇಟರ್ ಫ್ಯಾನ್ ತಾನಾಗಿ ತಿರುಗಬಹುದು, ಅದರ ಹತ್ತಿರ ಕೈ, ಬಟ್ಟೆ ತರಬೇಡಿ. ಎಂಜಿನ್ ಓಡಿಸಿ ನೋಡುವ ಪರೀಕ್ಷೆಗಳನ್ನು ಬಯಲಲ್ಲಿ ಮಾಡಿ. ಮುಚ್ಚಿದ ಶೆಡ್ಡಿನಲ್ಲಿ ಸೈಲೆನ್ಸರ್ ಹೊಗೆ ಪ್ರಾಣಕ್ಕೇ ಅಪಾಯ. ಕ್ಲೀನಿಂಗ್ ಸ್ಪ್ರೇ ಬೇಗ ಬೆಂಕಿ ಹತ್ತಿಕೊಳ್ಳುವ ವಸ್ತು. ಬಿಸಿ ಎಂಜಿನ್ ಮೇಲೆ, ಬೀಡಿ ಸಿಗರೇಟಿನ ಹತ್ತಿರ ಅದನ್ನು ಬಳಸಲೇಬಾರದು. ಕಣ್ಣಿಗೆ ಕನ್ನಡಕ, ಕೈಗೆ ಗ್ಲೌಸ್ ಇರಲಿ.

ಲಕ್ಷಣ: ನಿಂತಾಗ ಎಂಜಿನ್ ಏರಿಳಿಯುತ್ತದೆ, ಆಫ್ ಆಗುತ್ತದೆ

ಇದಕ್ಕೆ ಮೊದಲು ಕಣ್ಣು, ಕಿವಿ, ಟಾರ್ಚ್ ಸಾಕು. ಕಾಸು ಖರ್ಚಿಲ್ಲ.

ಸೆನ್ಸರ್‌ನಿಂದ ಎಂಜಿನ್‌ವರೆಗೆ ಹೋಗುವ ರಬ್ಬರ್ ಹೋಸ್ ನೋಡಿ. ಅದರಲ್ಲಿ ಮಡಿಕೆ ಮಡಿಕೆಯಾದ ಭಾಗ ಇರುತ್ತದೆ. ಸುಮ್ನೆ ಮೇಲಿಂದ ನೋಡಿದರೆ ಬಿರುಕು ಕಾಣುವುದಿಲ್ಲ. ಎರಡೂ ಕೈಯಿಂದ ಹಿಡಿದು ಮೆಲ್ಲಗೆ ಬಗ್ಗಿಸಿ, ಮಡಿಕೆಗಳನ್ನು ಒಂದೊಂದಾಗಿ ಅಗಲಿಸಿ, ಒಳಗೆ ಟಾರ್ಚ್ ಬಿಡಿ. ಬಿರುಕು ಹೆಚ್ಚಾಗಿ ಹೋಸಿನ ಅಡಿಯಲ್ಲಿ, ಮಡಿಕೆಯ ತಗ್ಗಿನಲ್ಲಿ ಅಡಗಿರುತ್ತದೆ. ಎಂಜಿನ್ ಅಲುಗಾಡಿದಾಗ ಅದು ಬಾಯಿ ಬಿಡುತ್ತದೆ, ನಿಂತಾಗ ಮುಚ್ಚಿಕೊಳ್ಳುತ್ತದೆ. ಗೇರ್ ಹಾಕಿದಾಗ ಮಾತ್ರ ತೊಂದರೆ ಕೊಡುವ ಗಾಡಿಗಳಲ್ಲಿ ಇದನ್ನೇ ಮೊದಲು ನೋಡಿ.

ಎರಡೂ ತುದಿಯ ಕ್ಲಾಂಪ್ ಬಿಗಿಯಾಗಿವೆಯೇ ನೋಡಿ. ಪೈಪಿಗೆ ಮತ್ತು ಎಂಜಿನ್‌ನ ಇಂಟೇಕ್‌ಗೆ ಸೇರುವ ಸಣ್ಣ ಹೋಸ್‌ಗಳನ್ನೂ ಮುಟ್ಟಿ ನೋಡಿ. ಎಂಜಿನ್ ಉಸಿರಾಟದ ಹೋಸ್, ಬ್ರೇಕ್ ಬೂಸ್ಟರಿನ ವ್ಯಾಕ್ಯೂಮ್ ಹೋಸ್ ಬಿಟ್ಟುಕೊಂಡಿರಬಹುದು. ಎಂಜಿನ್ ಓಡುವಾಗ ‘ಸ್ಸ್’ ಎಂಬ ಸದ್ದು ಕೇಳಿದರೆ ಎಲ್ಲೋ ಗಾಳಿ ಎಳೆಯುತ್ತಿದೆ ಅಂತಲೇ ಅರ್ಥ. ಕೆಲವರು ಸೋರುವ ಜಾಗ ಹುಡುಕಲು ಉರಿಯುವ ಸ್ಪ್ರೇಯನ್ನು ಓಡುವ ಎಂಜಿನ್ ಮೇಲೆ ಹೊಡೆಯುತ್ತಾರೆ. ಅದನ್ನು ಮಾಡಬೇಡಿ. ಸಣ್ಣ ಕಿಡಿ ಸಾಕು, ಬಾನೆಟ್ ಒಳಗೆ ಬೆಂಕಿ ಎದ್ದುಬಿಡುತ್ತದೆ.

ಹೋಸ್ ಎಲ್ಲ ಸರಿಯಿದ್ದರೆ ಕನೆಕ್ಟರ್ ಪರೀಕ್ಷೆ. ಇಗ್ನಿಷನ್ ಆಫ್ ಮಾಡಿ. ಸೆನ್ಸರ್ ಕನೆಕ್ಟರ್ ಬಿಚ್ಚಿ. ಈಗ ಸ್ಟಾರ್ಟ್ ಮಾಡಿ. ಕಂಪ್ಯೂಟರ್‌ಗೆ ಸೆನ್ಸರ್ ಸಿಗದಿದ್ದಾಗ ಅದು ಅಂದಾಜು ಲೆಕ್ಕದಲ್ಲಿ ಎಂಜಿನ್ ಓಡಿಸುತ್ತದೆ. ಮೊದಲಿಗಿಂತ ಚೆನ್ನಾಗಿ ಓಡಿದರೆ ಸೆನ್ಸರ್ ತಪ್ಪು ಹೇಳುತ್ತಿತ್ತು ಎಂಬ ಗುಮಾನಿ ಬಲವಾಗುತ್ತದೆ. ಏನೂ ಬದಲಾಗದಿದ್ದರೆ ತೊಂದರೆ ಬೇರೆ ಕಡೆ ಇರಬಹುದು, ಅಥವಾ ಸೆನ್ಸರ್ ಪೂರ್ತಿ ಸತ್ತು ಕಂಪ್ಯೂಟರ್ ಮೊದಲೇ ಅಂದಾಜಿನ ಮೇಲೆ ಓಡಿಸುತ್ತಿರಬಹುದು. ಕೆಲವು ಗಾಡಿ ಕನೆಕ್ಟರ್ ಬಿಚ್ಚಿದರೆ ಸ್ಟಾರ್ಟ್ ಆಗಿ ತಕ್ಷಣ ನಿಂತುಬಿಡುತ್ತದೆ, ಅದಕ್ಕೆ ಗಾಬರಿ ಬೇಡ. ಈ ಪರೀಕ್ಷೆಯಿಂದ ಎಂಜಿನ್ ಲೈಟ್ ಹತ್ತುತ್ತದೆ, ಕಂಪ್ಯೂಟರ್ ಗುರುತಿಟ್ಟುಕೊಳ್ಳುವ ದೋಷದ ಕೋಡ್‌ಗಳಿಗೆ ಹೊಸವೂ ಸೇರಿಕೊಳ್ಳುತ್ತವೆ. ಹಾಗಾಗಿ ಮೊದಲಿದ್ದ ಕೋಡ್‌ಗಳನ್ನು ಸ್ಕ್ಯಾನರ್‌ನಲ್ಲಿ ಓದಿ ಬರೆದಿಟ್ಟುಕೊಂಡ ಮೇಲೆಯೇ ಕನೆಕ್ಟರ್ ಬಿಚ್ಚಿ.

ಡೀಸೆಲ್‌ನಲ್ಲಿ ಈ ಪರೀಕ್ಷೆಯನ್ನು ನಂಬುವಾಗ ಎಚ್ಚರ. ಹಲವು ಡೀಸೆಲ್ ಎಂಜಿನ್‌ಗಳಲ್ಲಿ ಏರ್‌ಫ್ಲೋ ಸೆನ್ಸರ್ ಬಿಚ್ಚಿದರೆ ಇಜಿಆರ್ ವಾಲ್ವ್ (ಸೈಲೆನ್ಸರ್ ಹೊಗೆಯಲ್ಲಿ ಸ್ವಲ್ಪವನ್ನು ಮತ್ತೆ ಎಂಜಿನ್‌ಗೆ ಬಿಡುವ ವಾಲ್ವ್) ಕೆಲಸ ನಿಲ್ಲಿಸಿ ಮುಚ್ಚಿಕೊಳ್ಳುತ್ತದೆ. ಗಾಡಿ ಚೆನ್ನಾಗಿ ಓಡಿದ್ದು ಸೆನ್ಸರ್ ಬಿಚ್ಚಿದ್ದಕ್ಕೋ, ಜಾಸ್ತಿ ತೆರೆಯುತ್ತಿದ್ದ ಇಜಿಆರ್ ಮುಚ್ಚಿಕೊಂಡಿದ್ದಕ್ಕೋ ಹೇಳಲಾಗುವುದಿಲ್ಲ. ಇದನ್ನು ತಿಳಿಯದೆ ಸೆನ್ಸರ್ ಬದಲಾಯಿಸಿದರೆ ದುಡ್ಡು ದಂಡ.

ಲಕ್ಷಣ: ಲೋಡ್ ಹಾಕಿದರೆ ಎಳೆಯುವುದಿಲ್ಲ

ಕೊಳೆಯಾದ ಸೆನ್ಸರ್‌ನ ನಿಜವಾದ ಗುರುತು ಇದೇ. ಕಡಿಮೆ ಗಾಳಿಯಲ್ಲಿ ಅದರ ತಪ್ಪು ಅಷ್ಟಾಗಿ ಗೊತ್ತಾಗುವುದಿಲ್ಲ, ಗಾಳಿ ಜಾಸ್ತಿ ಬೇಕಾದಾಗ ತಪ್ಪು ದೊಡ್ಡದಾಗುತ್ತದೆ.

ಆದರೂ ಮೊದಲು ಫಿಲ್ಟರ್ ಬಾಕ್ಸ್ ತೆಗೆಯಿರಿ. ಧೂಳು ರಸ್ತೆಯಲ್ಲಿ ದುಡಿಯುವ ಪಿಕಪ್‌ನ ಫಿಲ್ಟರ್ ಪುಸ್ತಕದಲ್ಲಿ ಬರೆದ ಕಿಲೋಮೀಟರ್‌ಗಿಂತ ಎಷ್ಟೋ ಮೊದಲೇ ಕಟ್ಟಿಕೊಳ್ಳುತ್ತದೆ. ಬಾಕ್ಸಿನೊಳಗೆ ಒಣಗಿದ ಎಲೆ, ಕವರ್ ಚೂರು, ಇಲಿ ಮಾಡಿದ ಗೂಡು ಕೂಡ ಸಿಗುವುದುಂಟು. ಫಿಲ್ಟರ್ ಎತ್ತಿದ ಮೇಲೆ ಒಳಭಾಗದ, ಅಂದರೆ ಎಂಜಿನ್ ಕಡೆಯ ಗೋಡೆಯನ್ನು ಬೆರಳಿನಿಂದ ಸವರಿ. ಬೆರಳಿಗೆ ಧೂಳು ಹತ್ತಿದರೆ ಅದು ಫಿಲ್ಟರ್ ತಪ್ಪಿಸಿಕೊಂಡು ಒಳಗೆ ಬಂದ ಧೂಳು. ಫಿಲ್ಟರಿನ ಅಂಚಿನ ರಬ್ಬರ್ ಮಡಚಿಕೊಂಡಿರುತ್ತದೆ, ಇಲ್ಲವೇ ಬಾಕ್ಸಿನ ಒಂದು ಕ್ಲಿಪ್ ಮುರಿದಿರುತ್ತದೆ. ಇದನ್ನು ಸರಿ ಮಾಡದೆ ಸೆನ್ಸರ್ ತೊಳೆದು ಉಪಯೋಗವಿಲ್ಲ, ಮತ್ತೆ ಕೊಳೆಯಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಅದೇ ಧೂಳು ಎಂಜಿನ್ ಒಳಗೂ ಹೋಗಿ ಪಿಸ್ಟನ್ ರಿಂಗ್ ಸವೆಸುತ್ತದೆ.

ಎಣ್ಣೆ ಹಚ್ಚಿ ಮತ್ತೆ ಮತ್ತೆ ಬಳಸುವ ಹತ್ತಿಯ ಫಿಲ್ಟರ್ ಹಾಕಿದ್ದೀರಾ? ಎಣ್ಣೆ ಸ್ವಲ್ಪ ಜಾಸ್ತಿಯಾದರೂ ಗಾಳಿಯ ಜೊತೆ ಹಾರಿ ಸೆನ್ಸರ್ ತಂತಿಗೆ ಅಂಟಬಹುದು. ಆಮೇಲೆ ಬಂದ ಧೂಳೆಲ್ಲ ಅದಕ್ಕೇ ಹಿಡಿದುಕೊಳ್ಳುತ್ತದೆ. ದುಡಿಯುವ ಗಾಡಿಗೆ ಒಳ್ಳೆಯ ಪೇಪರ್ ಫಿಲ್ಟರ್ ಸಾಕು ಎನ್ನುವುದು ನನ್ನ ಅಭಿಪ್ರಾಯ.

ಟರ್ಬೊ ಇರುವ ಡೀಸೆಲ್ ಆದರೆ ಇನ್ನೊಂದು ಕಡೆ ನೋಡಬೇಕು. ಗಾಳಿಯನ್ನು ಒತ್ತಿ ತುಂಬುವ ಟರ್ಬೊದಿಂದ ಅದನ್ನು ತಣ್ಣಗೆ ಮಾಡುವ ಇಂಟರ್‌ಕೂಲರ್, ಅಲ್ಲಿಂದ ಎಂಜಿನ್‌ಗೆ ಹೋಗುವ ಹೋಸ್‌ಗಳು ಒತ್ತಡದಲ್ಲಿರುತ್ತವೆ. ಅವು ಹರಿದರೆ ಸೆನ್ಸರ್ ಅಳೆದ ಗಾಳಿ ಎಂಜಿನ್‌ಗೆ ಮುಟ್ಟುವ ಮೊದಲೇ ಹೊರಗೆ ಹೋಗುತ್ತದೆ. ರೇಸ್ ಕೊಟ್ಟಾಗ ಶಿಳ್ಳೆಯಂಥ ಸದ್ದು, ಹೋಸಿನ ಜೋಡಣೆಯಲ್ಲಿ ಎಣ್ಣೆ ಕಲೆ, ಹಿಂದೆ ಕಪ್ಪು ಹೊಗೆ, ಇವು ಮೂರೂ ಸೇರಿದರೆ ಸೆನ್ಸರ್ ಬಿಡಿ, ಆ ಹೋಸ್ ಹಿಡಿಯಿರಿ. ಜೋಡಣೆಯಲ್ಲಿ ಸ್ವಲ್ಪ ಎಣ್ಣೆ ಪಸೆ ಇರುವುದು ಸಹಜ. ಹೊಸದಾಗಿ ಚಿಮ್ಮಿದ ಹಾಗೆ ಒದ್ದೆಯಾಗಿದ್ದರೆ ಮಾತ್ರ ಅನುಮಾನಪಡಿ.

ಎತ್ತರದ ಬೆಟ್ಟದ ರಸ್ತೆಯಲ್ಲಿ ಮಾತ್ರ ಎಳೆತ ಕಡಿಮೆ ಎನಿಸಿದರೆ ಅದು ದೋಷವೇ ಅಲ್ಲದಿರಬಹುದು. ಎತ್ತರ ಏರಿದ ಹಾಗೆ ಗಾಳಿ ತೆಳುವಾಗುತ್ತದೆ, 1000 ಮೀಟರ್‌ಗೆ ಸುಮಾರು ಶೇಕಡ 10ರಷ್ಟು. ಸೆನ್ಸರ್ ರೀಡಿಂಗ್ ಇಳಿಯುವುದು ಸರಿಯೇ. ಟರ್ಬೊ ಇಲ್ಲದ ಎಂಜಿನ್‌ಗೆ ಇದು ಚೆನ್ನಾಗಿ ತಟ್ಟುತ್ತದೆ.

ಇಷ್ಟೆಲ್ಲ ನೋಡಿದ ಮೇಲೂ ಗಾಡಿ ಎಳೆಯುತ್ತಿಲ್ಲ ಎಂದರೆ ಸ್ಕ್ಯಾನರ್ ಹಾಕುವ ಹೊತ್ತು. ಮೊಬೈಲಿಗೆ ಜೋಡಿಸುವ ಚಿಕ್ಕ ಸ್ಕ್ಯಾನರ್ ಆದರೂ ಸಾಕು, ಕೋಡ್ ಜೊತೆ ಲೈವ್ ರೀಡಿಂಗ್ ತೋರಿಸಬೇಕು ಅಷ್ಟೇ.

ಪೆಟ್ರೋಲ್ ಎಂಜಿನ್ ಚೆನ್ನಾಗಿ ಬಿಸಿಯಾಗಿ, ಎಸಿ ಆಫ್ ಆಗಿ, ರೇಸ್ ಕೊಡದೆ ನಿಂತಲ್ಲೇ ಓಡುವ ಐಡಲಿಂಗ್‌ನಲ್ಲಿ ಇರುವಾಗ ಏರ್‌ಫ್ಲೋ ರೀಡಿಂಗ್ ನೋಡಿ. ಎಂಜಿನ್ ಎಷ್ಟು ಲೀಟರಿನದೋ ಸರಿಸುಮಾರು ಅಷ್ಟೇ ಗ್ರಾಂ ಗಾಳಿ ಪ್ರತಿ ಸೆಕೆಂಡಿಗೆ ಬರಬೇಕು. 2.5 ಲೀಟರ್ ಎಂಜಿನ್‌ಗೆ 2.5 ಗ್ರಾಂ ಆಸುಪಾಸು. ಇದು ಮೆಕ್ಯಾನಿಕ್‌ಗಳ ಅಂದಾಜು ಲೆಕ್ಕ, ಸ್ವಲ್ಪ ಹೆಚ್ಚುಕಡಿಮೆ ಇದ್ದರೆ ತಲೆ ಕೆಡಿಸಿಕೊಳ್ಳಬೇಡಿ. ಅರ್ಧಕ್ಕರ್ಧ ವ್ಯತ್ಯಾಸ ಇದ್ದರೆ ಗಮನಿಸಿ. ಡೀಸೆಲ್‌ಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಇಜಿಆರ್ ತೆರೆದಾಗ ರೀಡಿಂಗ್ ಇಳಿಯುತ್ತದೆ, ಮುಚ್ಚಿದಾಗ ಏರುತ್ತದೆ.

ಇನ್ನು ಫ್ಯೂಯೆಲ್ ಟ್ರಿಮ್. ಪೆಟ್ರೋಲ್ ಗಾಡಿಯಲ್ಲಿ ಇದಕ್ಕಿಂತ ಒಳ್ಳೆಯ ಸಾಕ್ಷಿ ಇಲ್ಲ. ಸೈಲೆನ್ಸರ್ ದಾರಿಯಲ್ಲಿರುವ ಆಕ್ಸಿಜನ್ ಸೆನ್ಸರ್ ನೋಡಿ ಕಂಪ್ಯೂಟರ್ ಪೆಟ್ರೋಲನ್ನು ಎಷ್ಟು ಕೂಡಿಸುತ್ತಿದೆ, ಎಷ್ಟು ಕಳೆಯುತ್ತಿದೆ ಎಂಬುದೇ ಟ್ರಿಮ್. ಪ್ಲಸ್ ಇದ್ದರೆ ಕೂಡಿಸುತ್ತಿದೆ, ಮೈನಸ್ ಇದ್ದರೆ ಕಳೆಯುತ್ತಿದೆ. ಶಾರ್ಟ್, ಲಾಂಗ್ ಎಂಬ ಎರಡು ಟ್ರಿಮ್ ಸೇರಿಸಿ ಶೇಕಡ 10ರ ಒಳಗಿದ್ದರೆ ಸಾಮಾನ್ಯವಾಗಿ ತೊಂದರೆ ಇಲ್ಲ.

ಈಗ ಎರಡು ಕಡೆ ನೋಡಿ: ಐಡಲಿಂಗ್‌ನಲ್ಲಿ ಒಮ್ಮೆ, 2500 ಆರ್‌ಪಿಎಂನಲ್ಲಿ ಹಿಡಿದು ಒಮ್ಮೆ. ಐಡಲಿಂಗ್‌ನಲ್ಲಿ ಪ್ಲಸ್ 20, ರೇಸ್ ಕೊಟ್ಟಾಗ ಪ್ಲಸ್ 5ಕ್ಕೆ ಇಳಿಯಿತು ಎಂದರೆ ಅದು ಎಲ್ಲೋ ಗಾಳಿ ಸೋರಿಕೆ. ಸೋರುವ ಗಾಳಿ ಅಷ್ಟೇ ಇರುತ್ತದೆ, ಒಟ್ಟು ಗಾಳಿ ಜಾಸ್ತಿಯಾದಾಗ ಅದರ ಪಾಲು ಸಣ್ಣದಾಗುತ್ತದೆ. ಇದಕ್ಕೆ ತಿರುಗಾ, ಐಡಲಿಂಗ್‌ನಲ್ಲಿ ಸರಿಯಾಗಿದ್ದು, ಕೆಲವೊಮ್ಮೆ ಮೈನಸ್ ಕೂಡ ಇದ್ದು, ಲೋಡ್ ಜಾಸ್ತಿಯಾದ ಹಾಗೆ ಪ್ಲಸ್ ಏರುತ್ತಾ ಹೋದರೆ ಕೊಳೆಯಾದ ಏರ್‌ಫ್ಲೋ ಸೆನ್ಸರ್ ಮೇಲೆ ಕಣ್ಣಿಡಿ. ಫ್ಯೂಯೆಲ್ ಪಂಪ್ ಸೋತಿದ್ದರೂ, ಫ್ಯೂಯೆಲ್ ಫಿಲ್ಟರ್ ಕಟ್ಟಿಕೊಂಡಿದ್ದರೂ ಇದೇ ಲಕ್ಷಣ ಬರುತ್ತದೆ. ಆದರೆ ಸೆನ್ಸರ್ ತೊಳೆಯುವುದು ಸುಲಭ, ಖರ್ಚು ಕಡಿಮೆ. ಅದನ್ನು ಮಾಡಿಯೇ ಪಂಪಿನ ಕಡೆ ಹೋಗಿ.

ಲಕ್ಷಣ: ಕಪ್ಪು ಹೊಗೆ, ಮೈಲೇಜ್ ಬಿದ್ದಿದೆ

ಸೆನ್ಸರ್ ಇರುವುದಕ್ಕಿಂತ ಜಾಸ್ತಿ ಗಾಳಿ ತೋರಿಸಿದರೆ ಪೆಟ್ರೋಲ್ ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಹೋಗುತ್ತದೆ. ವಾಸನೆ ಬರುತ್ತದೆ, ಪ್ಲಗ್ ಕಪ್ಪಾಗುತ್ತದೆ, ಟ್ರಿಮ್ ಮೈನಸ್‌ನಲ್ಲಿ ಕಾಣುತ್ತದೆ. ಡೀಸೆಲ್‌ನಲ್ಲಿ ಗಾಳಿ ಸಾಕಷ್ಟಿದೆ ಎಂದುಕೊಂಡು ಕಂಪ್ಯೂಟರ್ ಇಜಿಆರ್ ಜಾಸ್ತಿ ತೆರೆಯುತ್ತದೆ, ಹೊಗೆ ಕಪ್ಪಾಗುತ್ತದೆ.

ಇಗ್ನಿಷನ್ ಆನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಸ್ಕ್ಯಾನರ್ ನೋಡಿ. ಗಾಳಿ ಅಲುಗಾಡುತ್ತಿಲ್ಲ, ರೀಡಿಂಗ್ ಸೊನ್ನೆಯ ಹತ್ತಿರ ಇರಬೇಕು. ಅಲ್ಲೇ ದೊಡ್ಡ ಸಂಖ್ಯೆ ತೋರಿಸಿದರೆ ಸೆನ್ಸರ್ ಅಥವಾ ಅದರ ಅರ್ತ್ ವೈರಿನಲ್ಲಿ ತೊಂದರೆ ಇದೆ.

ಅಂಗಡಿಯಲ್ಲಿ ಸಿಕ್ಕ ಅಗಲವಾದ ಇಂಟೇಕ್ ಪೈಪ್ ಅಥವಾ ಬೇರೆ ಫಿಲ್ಟರ್ ಬಾಕ್ಸ್ ಹಾಕಿಸಿದ್ದರೆ ಅದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಸೆನ್ಸರ್ ಪೈಪಿನ ಮಧ್ಯದ ಸ್ವಲ್ಪ ಗಾಳಿ ನೋಡಿ ಇಡೀ ಪೈಪಿನ ಲೆಕ್ಕ ಹಾಕುತ್ತದೆ. ಪೈಪಿನ ಅಗಲ ಬದಲಾದರೆ ಸೆನ್ಸರ್ ಹೊಸದಾಗಿದ್ದರೂ ಲೆಕ್ಕ ತಪ್ಪುತ್ತದೆ. ಕೆಲವು ಪೈಪಿನಲ್ಲಿ ಸೆನ್ಸರ್ ಮುಂದೆ ಜೇನುಗೂಡಿನಂಥ ಜಾಲರಿ ಇರುತ್ತದೆ, ಗಾಳಿ ಸುಳಿ ಸುತ್ತದೆ ನೇರ ಬರಲಿ ಅಂತ. ಗಾಳಿಗೆ ಅಡ್ಡ ಎಂದು ಅದನ್ನು ಕಿತ್ತುಹಾಕಬೇಡಿ.

ಲಕ್ಷಣ: ಲೈಟ್ ಹತ್ತಿದೆ, ಗಾಡಿ ಚೆನ್ನಾಗಿಯೇ ಓಡುತ್ತಿದೆ

ಕೋಡ್ ಓದಿ. ಏರ್‌ಫ್ಲೋ ಸೆನ್ಸರಿಗೆ ಸಂಬಂಧಿಸಿದ್ದು ಪಿ0100ರಿಂದ ಪಿ0104. ಪಿ0102 ಎಂದರೆ ಸಿಗ್ನಲ್ ತೀರಾ ಕಡಿಮೆ, ಪಿ0103 ಎಂದರೆ ತೀರಾ ಜಾಸ್ತಿ. ಇವೆರಡಕ್ಕೂ ಮೊದಲು ವೈರ್ ಮತ್ತು ಕನೆಕ್ಟರ್ ನೋಡಬೇಕು, ಸ್ಪ್ರೇ ಅಲ್ಲ. ಪಿ0104 ಎಂದರೆ ಸಿಗ್ನಲ್ ಬಂದು ಹೋಗಿ ಮಾಡುತ್ತಿದೆ. ಪಿ0101 ಬಂದರೆ ಸಿಗ್ನಲ್ ಬರುತ್ತಿದೆ, ಆದರೆ ಬೇರೆ ಸೆನ್ಸರ್‌ಗಳ ಲೆಕ್ಕಕ್ಕೆ ಹೊಂದುತ್ತಿಲ್ಲ ಎಂದರ್ಥ. ಕೊಳೆ, ಹರಿದ ಹೋಸ್, ಕಟ್ಟಿದ ಫಿಲ್ಟರ್ ಎಲ್ಲಕ್ಕೂ ಇದೇ ಕೋಡ್ ಬರಬಹುದು.

ಪಿ0171, ಪಿ0174 ಎಂದರೆ ಪೆಟ್ರೋಲ್ ಸಾಲುತ್ತಿಲ್ಲ, ಗಾಳಿ ಜಾಸ್ತಿ. ವಿ ಆಕಾರದ ಎಂಜಿನ್‌ನಲ್ಲಿ ಎರಡು ಬದಿಗೂ ಒಟ್ಟಿಗೆ ಬಂದರೆ ಎರಡಕ್ಕೂ ಸಾಮಾನ್ಯವಾದದ್ದನ್ನು ಹುಡುಕಿ: ಏರ್‌ಫ್ಲೋ ಸೆನ್ಸರ್, ಮುಖ್ಯ ಹೋಸ್, ಫ್ಯೂಯೆಲ್ ಒತ್ತಡ. ಒಂದೇ ಬದಿಗೆ ಬಂದರೆ ಏರ್‌ಫ್ಲೋ ಸೆನ್ಸರ್ ಮೇಲಿನ ಅನುಮಾನ ಕಡಿಮೆಯಾಗುತ್ತದೆ, ಆ ಬದಿಯ ಗ್ಯಾಸ್ಕೆಟ್, ಇಂಜೆಕ್ಟರ್ ನೋಡಿ.

ಲಕ್ಷಣ: ಒಮ್ಮೆ ಸರಿ ಇರುತ್ತದೆ, ಒಮ್ಮೆ ಜರ್ಕ್ ಹೊಡೆಯುತ್ತದೆ

ಹಳ್ಳದಲ್ಲಿ ಇಳಿದಾಗ ಜರ್ಕ್, ಮಳೆ ಬಂದಾಗ ಜರ್ಕ್. ಇದು ವೈರಿನ ಕೆಲಸ. ಎಂಜಿನ್ ಐಡಲಿಂಗ್‌ನಲ್ಲಿರುವಾಗ ಸೆನ್ಸರ್ ಕನೆಕ್ಟರ್ ಹಿಡಿದು ಮೆಲ್ಲಗೆ ಅಲುಗಿಸಿ. ಅಲ್ಲಿಂದ ವೈರ್ ಹೋಗುವ ದಾರಿಯುದ್ದಕ್ಕೂ ಹಾಗೇ ಮಾಡಿ. ಸ್ಕ್ರೂಡ್ರೈವರಿನ ಪ್ಲಾಸ್ಟಿಕ್ ಹಿಡಿಯಿಂದ ಸೆನ್ಸರ್ ತಲೆಗೆ ಹಗುರವಾಗಿ ಕುಟ್ಟಿ. ವೈರ್ ಅಲುಗಿಸಿದಾಗ ಎಂಜಿನ್ ತಡವರಿಸಿದರೆ ವೈರ್ ಅಥವಾ ಪಿನ್ ಸಡಿಲ. ಸೆನ್ಸರ್ ಕುಟ್ಟಿದಾಗ ತಡವರಿಸಿದರೆ ಅದರ ಒಳಗಿನ ಬೆಸುಗೆ ಬಿಟ್ಟಿದೆ, ಅಂಥದ್ದನ್ನು ತೊಳೆದು ಫಲವಿಲ್ಲ.

ಕನೆಕ್ಟರ್ ಬಿಚ್ಚಿ ಪಿನ್‌ಗಳನ್ನು ನೋಡಿ. ಹಸಿರು ತುಕ್ಕು, ಒಳಕ್ಕೆ ಸರಿದ ಪಿನ್, ಕಿತ್ತ ರಬ್ಬರ್ ಸೀಲ್ ಇದ್ದರೆ ಕಾರಣ ಅಲ್ಲೇ ಸಿಕ್ಕಿತು.

ಸೆನ್ಸರ್ ಕ್ಲೀನ್ ಮಾಡುವುದು

ಏರ್‌ಫ್ಲೋ ಸೆನ್ಸರ್‌ಗೆಂದೇ ಬರುವ ಕ್ಲೀನರ್ ಸ್ಪ್ರೇ ತನ್ನಿ. ಅದು ಬೇಗ ಆರುತ್ತದೆ, ಹಿಂದೆ ಪದರ ಉಳಿಸುವುದಿಲ್ಲ, ಪ್ಲಾಸ್ಟಿಕ್ ತಿನ್ನುವುದಿಲ್ಲ. ಕಾರ್ಬುರೇಟರ್ ಕ್ಲೀನರ್, ಬ್ರೇಕ್ ಕ್ಲೀನರ್ ಬೇಡವೇ ಬೇಡ. ಅವು ಪ್ಲಾಸ್ಟಿಕ್ಕನ್ನೂ ಒಳಗಿನ ಅಂಟನ್ನೂ ಹಾಳು ಮಾಡಬಲ್ಲವು. ಪೆಟ್ರೋಲ್, ಸೀಮೆಎಣ್ಣೆ, ಸೋಪಿನ ನೀರು ಕೂಡ ಬೇಡ.

ಎಂಜಿನ್ ಪೂರ್ತಿ ತಣ್ಣಗಾಗಲಿ. ಕೀ ತೆಗೆದಿಡಿ. ಸೆನ್ಸರ್ ಬಿಚ್ಚುವ ಮೊದಲು ಅದರ ಸುತ್ತಲಿನ ಧೂಳನ್ನು ಒದ್ದೆ ಬಟ್ಟೆಯಿಂದ ಒರೆಸಿ. ಇಲ್ಲದಿದ್ದರೆ ಎತ್ತಿದ ಕೂಡಲೇ ಆ ಧೂಳೆಲ್ಲ ಪೈಪಿನೊಳಗೆ ಬೀಳುತ್ತದೆ. ಕನೆಕ್ಟರಿನ ಲಾಕ್ ಒತ್ತಿ, ಪ್ಲಾಸ್ಟಿಕ್ ಹಿಡಿದು ಎಳೆಯಿರಿ, ವೈರ್ ಹಿಡಿದು ಎಳೆಯಬೇಡಿ. ಕೆಲವು ಕನೆಕ್ಟರ್‌ನಲ್ಲಿ ಮೊದಲು ಒಂದು ಬಣ್ಣದ ಚಿಕ್ಕ ಪಟ್ಟಿಯನ್ನು ಹಿಂದಕ್ಕೆ ಸರಿಸಬೇಕು.

ಎರಡು ಸ್ಕ್ರೂ ಬಿಚ್ಚಿ. ಕೆಲವಕ್ಕೆ ನಕ್ಷತ್ರದ ತಲೆ, ಅದರ ನಡುವೆ ಒಂದು ಮೊಳೆಯೂ ಇರುತ್ತದೆ. ಅದಕ್ಕೆ ನಡುವೆ ತೂತಿರುವ ಟಾರ್ಕ್ಸ್ ಬಿಟ್ ಬೇಕು. ಇಕ್ಕಳ ಹಾಕಿ ತಿರುಗಿಸಿ ತಲೆ ಕೆಡಿಸಿದರೆ ಸಣ್ಣ ಕೆಲಸ ದೊಡ್ಡದಾಗುತ್ತದೆ. ಸೆನ್ಸರ್ ನೇರವಾಗಿ ಮೇಲಕ್ಕೆ ಬರಬೇಕು. ರಬ್ಬರ್ ಓರಿಂಗ್ ಅಂಟಿಕೊಂಡಿದ್ದರೆ ಸ್ವಲ್ಪ ಆಚೀಚೆ ಆಡಿಸಿ ಎತ್ತಿ, ಸ್ಕ್ರೂಡ್ರೈವರ್ ತೂರಿಸಿ ಮೀಟಬೇಡಿ.

ಈಗ ಬೆಳಕಿನಲ್ಲಿ ಹಿಡಿದು ನೋಡಿ, ಭೂತಗನ್ನಡಿ ಇದ್ದರೆ ಇನ್ನೂ ಒಳ್ಳೆಯದು. ಕಿಂಡಿಯೊಳಗೆ ಎರಡು ಕಡ್ಡಿಗಳ ನಡುವೆ ತಂತಿ, ಪಕ್ಕದಲ್ಲಿ ಸಾಸಿವೆಯಷ್ಟು ಚಿಕ್ಕ ಮಣಿ. ಮಣಿ ಗಾಳಿಯ ಉಷ್ಣತೆ ಅಳೆಯಲು. ಚೆನ್ನಾಗಿರುವ ತಂತಿ ಬೆಳಕಿಗೆ ಮಿಂಚುತ್ತದೆ. ಕೊಳೆಯಾದದ್ದು ಮಂಕಾಗಿರುತ್ತದೆ, ಕಂದು ಪದರವೋ, ನೂಲಿನ ಎಳೆಯಂಥ ಧೂಳೋ, ಕೆಲವೊಮ್ಮೆ ಹುಳದ ರೆಕ್ಕೆಯೋ ಅಂಟಿರುತ್ತದೆ. ತಂತಿ ತುಂಡಾಗಿದ್ದರೆ ಇಲ್ಲಿಗೇ ನಿಲ್ಲಿಸಿ, ಹೊಸ ಸೆನ್ಸರ್ ಬೇಕು. ಇತ್ತೀಚಿನ ಹಲವು ಸೆನ್ಸರ್‌ಗಳಲ್ಲಿ ಫಿಲ್ಮ್ ಪಟ್ಟಿ ಒಳದಾರಿಯಲ್ಲಿ ಅಡಗಿರುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಅದನ್ನು ಬಿಚ್ಚಲು ಹೋಗಬೇಡಿ.

ಸ್ಪ್ರೇ ನಳಿಕೆಯನ್ನು ಸ್ವಲ್ಪ ದೂರದಲ್ಲಿ ಹಿಡಿದು, ತಂತಿಗೆ ತಾಗಿಸದೆ, ಚಿಕ್ಕ ಚಿಕ್ಕದಾಗಿ ಹತ್ತು ಹದಿನೈದು ಸಲ ಹೊಡೆಯಿರಿ. ಮುಂದಿನಿಂದ, ಹಿಂದಿನಿಂದ, ಮಣಿಯ ಮೇಲೂ. ಒಳದಾರಿ ಇರುವ ಸೆನ್ಸರ್ ಆದರೆ ಗಾಳಿ ಒಳಬರುವ ಕಿಂಡಿಯಿಂದಲೂ ಹೊರಹೋಗುವ ಕಿಂಡಿಯಿಂದಲೂ ಹೊಡೆಯಿರಿ. ಕಿಂಡಿ ಕೆಳಗಿರಲಿ, ಕೊಳೆ ಇಳಿದುಹೋಗಲಿ. ಹತ್ತಿ ಕಡ್ಡಿ, ಬ್ರಷ್, ಬಟ್ಟೆ, ಬೆರಳು ಯಾವುದೂ ತಂತಿಗೆ ಮುಟ್ಟಬಾರದು. ಕಂಪ್ರೆಸರ್ ಗಾಳಿ ಹೊಡೆದರೆ ತಂತಿ ಹರಿಯಬಹುದು. ಕೊಳೆ ಹೋಗಿಲ್ಲ ಎನಿಸಿದರೆ ಆರಲು ಬಿಟ್ಟು ಇನ್ನೊಂದು ಸುತ್ತು ಹೊಡೆಯಿರಿ, ಉಜ್ಜಬೇಡಿ.

ಅರ್ಧ ಗಂಟೆ ಹಾಗೇ ಆರಲಿ. ಡಬ್ಬದ ಮೇಲೆ ಅದಕ್ಕಿಂತ ಜಾಸ್ತಿ ಹೊತ್ತು ಬರೆದಿದ್ದರೆ ಅಷ್ಟು ಹೊತ್ತು ಬಿಡಿ. ಹೇರ್ ಡ್ರೈಯರ್ ಬೇಡ. ಒದ್ದೆಯಿರುವಾಗಲೇ ಹಾಕಿ ಕೀ ತಿರುಗಿಸಿದರೆ ತಂತಿ ಬಿಸಿಯಾಗುತ್ತದೆ, ಸುತ್ತ ಉರಿಯುವ ಆವಿ ಇರುತ್ತದೆ. ಸೆನ್ಸರ್‌ಗೂ ನಿಮಗೂ ಒಳ್ಳೆಯದಲ್ಲ. ಈ ಹೊತ್ತಿನಲ್ಲಿ ಫಿಲ್ಟರ್ ಬಾಕ್ಸಿನ ಒಳಗೆ ಒರೆಸಿ, ಫಿಲ್ಟರ್ ಸರಿಯಾಗಿ ಕೂರಿಸಿ.

ಮತ್ತೆ ಹಾಕುವಾಗ ಓರಿಂಗ್ ಹರಿದಿಲ್ಲ, ತಿರುಚಿಲ್ಲ ಎಂದು ನೋಡಿ. ಸೆನ್ಸರ್ ಮೇಲೆ ಬಾಣದ ಗುರುತಿದ್ದರೆ ಅದು ಎಂಜಿನ್ ಕಡೆಗಿರಬೇಕು. ಸ್ಕ್ರೂ ಪ್ಲಾಸ್ಟಿಕ್ಕಿಗೆ ಕೂರುವುದರಿಂದ ಹದವಾಗಿ ಬಿಗಿ ಮಾಡಿ. ಕನೆಕ್ಟರ್ ‘ಟಕ್’ ಎಂದು ಲಾಕ್ ಆಗಬೇಕು.

ಕೋಡ್ ಅಳಿಸಿ. ಕೆಟ್ಟ ರೀಡಿಂಗ್ ನೋಡಿ ಕಂಪ್ಯೂಟರ್ ಕಲಿತಿದ್ದ ಹಳೆಯ ಟ್ರಿಮ್ ಕೂಡ ಸೊನ್ನೆಯಾಗಬೇಕು, ಹಲವು ಗಾಡಿಗಳಲ್ಲಿ ಕೋಡ್ ಅಳಿಸಿದಾಗಲೇ ಅದೂ ಆಗುತ್ತದೆ. ಮೊದಲ ಸ್ವಲ್ಪ ಹೊತ್ತು ಐಡಲಿಂಗ್ ಹದ ತಪ್ಪಿದ ಹಾಗೆ ಅನಿಸಿದರೆ ಗಾಬರಿ ಬೇಡ, ಅದು ಹೊಸದಾಗಿ ಕಲಿಯುತ್ತಿರುತ್ತದೆ. ಊರೊಳಗೆ ಸ್ವಲ್ಪ, ಹೆದ್ದಾರಿಯಲ್ಲಿ ಸ್ವಲ್ಪ ಓಡಿಸಿ ಟ್ರಿಮ್ ಮತ್ತೆ ನೋಡಿ. ಮೊದಲು ಲೋಡಿನಲ್ಲಿ ಪ್ಲಸ್ 18 ಇದ್ದದ್ದು 4ಕ್ಕೋ 5ಕ್ಕೋ ಇಳಿದಿದ್ದರೆ ತೊಂದರೆ ಕೊಳೆಯದ್ದೇ ಆಗಿತ್ತು.

ಕ್ಲೀನ್ ಮಾಡಿದ ಮೇಲೂ ಹಾಗೇ ಇದೆ

ಮಲ್ಟಿಮೀಟರ್ ತೆಗೆಯಿರಿ. ಕನೆಕ್ಟರ್ ಬಿಚ್ಚಿ, ಇಗ್ನಿಷನ್ ಆನ್ ಮಾಡಿ, ಗಾಡಿಯ ವೈರಿಂಗ್ ಚಿತ್ರ ನೋಡಿಕೊಂಡು ಪವರ್ ಪಿನ್ ಮತ್ತು ಅರ್ತ್ ಪಿನ್ ನಡುವೆ ಅಳೆಯಿರಿ. ಸಾಮಾನ್ಯವಾಗಿ ಬ್ಯಾಟರಿಯಷ್ಟೇ, 12 ವೋಲ್ಟ್ ಆಸುಪಾಸು ಬರಬೇಕು. ಬರದಿದ್ದರೆ ಫ್ಯೂಸ್, ರಿಲೇ, ವೈರ್. ಸೆನ್ಸರ್ ಮುಟ್ಟುವ ಅಗತ್ಯವೇ ಇಲ್ಲ.

ಪವರ್, ಅರ್ತ್ ಎರಡೂ ಸರಿಯಿದ್ದರೆ ಕನೆಕ್ಟರ್ ಹಾಕಿ, ಹಿಂದಿನಿಂದ ತೆಳು ಪಿನ್ ತೂರಿಸಿ ಸಿಗ್ನಲ್ ನೋಡಿ. ವೋಲ್ಟೇಜ್ ಕೊಡುವ ಹಲವು ಸೆನ್ಸರ್‌ಗಳಲ್ಲಿ ಐಡಲಿಂಗ್‌ನಲ್ಲಿ 1ರಿಂದ 2 ವೋಲ್ಟ್ ನಡುವೆ ಇರುತ್ತದೆ, ರೇಸ್ ಕೊಟ್ಟಂತೆ ಎಲ್ಲೂ ಎಡವದೆ ಏರಬೇಕು. ಮಧ್ಯೆ ಬಿದ್ದು ಎದ್ದರೆ, ಅಥವಾ ಎಷ್ಟು ರೇಸ್ ಕೊಟ್ಟರೂ ಅಲ್ಲೇ ನಿಂತಿದ್ದರೆ ಸೆನ್ಸರ್ ಹೋಗಿದೆ. ಕೆಲವು ಸೆನ್ಸರ್ ವೋಲ್ಟೇಜ್ ಬದಲು ಫ್ರೀಕ್ವೆನ್ಸಿ ಕೊಡುತ್ತವೆ, ಅದಕ್ಕೆ ಮೀಟರನ್ನು ಹರ್ಟ್ಜ್‌ಗೆ ಹಾಕಬೇಕು. ಟೆಸ್ಟ್ ಲ್ಯಾಂಪನ್ನು ಸಿಗ್ನಲ್ ವೈರಿಗೆ ಮುಟ್ಟಿಸಬೇಡಿ, ಕಂಪ್ಯೂಟರ್‌ಗೆ ಪೆಟ್ಟಾಗಬಹುದು.

ಹೊಸದು ಹಾಕಲೇಬೇಕಾದರೆ ಹಳೆಯ ಸೆನ್ಸರ್ ಮೇಲಿನ ಪಾರ್ಟ್ ನಂಬರ್ ಹೊಂದಿಸಿಯೇ ತನ್ನಿ. ಕನೆಕ್ಟರ್ ಕೂತಿತು, ಸ್ಕ್ರೂ ಕೂತಿತು ಎಂದ ಮಾತ್ರಕ್ಕೆ ಅದೇ ಸೆನ್ಸರ್ ಅಲ್ಲ, ಒಳಗಿನ ಲೆಕ್ಕ ಬೇರೆ ಇರುತ್ತದೆ. ನಕಲಿ ಸೆನ್ಸರ್ ಹಾಕಿ, ಅದರ ತಪ್ಪನ್ನು ಗಾಡಿಯ ಬೇರೆ ಭಾಗಗಳಲ್ಲಿ ಹುಡುಕುತ್ತಾ ಕೂರುವುದಕ್ಕಿಂತ ಬೇಸರದ ಕೆಲಸ ಇನ್ನೊಂದಿಲ್ಲ.

ಯಾವಾಗ ನಿಲ್ಲಿಸಿ ಮೆಕ್ಯಾನಿಕ್ ಹತ್ತಿರ ಹೋಗಬೇಕು

ಎಂಜಿನ್ ಲೈಟ್ ಮಿನುಗುತ್ತಿದ್ದರೆ ಓಡಿಸಬೇಡಿ. ಎಂಜಿನ್ ಮಿಸ್ಸಿಂಗ್ ಹೊಡೆದು ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗುತ್ತಿದೆ, ಹೊಗೆಯನ್ನು ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸುಟ್ಟುಹೋಗಬಹುದು. ಲೋಡಿನಲ್ಲಿ ಎಂಜಿನ್ ಒಳಗಿಂದ ಟಕಟಕ ಸದ್ದು ಬಂದರೂ ಸಾಮಾನು ಇಳಿಸಿ ನಿಲ್ಲಿಸಿ. ಪೆಟ್ರೋಲ್ ಸಾಲದೆ ಓಡುವ ಎಂಜಿನ್‌ನ ಪಿಸ್ಟನ್, ವಾಲ್ವ್ ಹಾಳಾಗುತ್ತವೆ. ಬಾನೆಟ್ ಒಳಗೆ ಪೆಟ್ರೋಲ್ ಅಥವಾ ಡೀಸೆಲ್ ಸೋರುವುದು ಕಂಡರೆ ಸ್ಟಾರ್ಟ್ ಮಾಡಲೇಬೇಡಿ.

ಹೋಸ್ ಸರಿ, ಫಿಲ್ಟರ್ ಸರಿ, ಸೆನ್ಸರ್ ಕ್ಲೀನ್, ವೈರ್‌ನಲ್ಲಿ 12 ವೋಲ್ಟ್ ಇದೆ, ಆದರೂ ಗಾಡಿ ಎಳೆಯುತ್ತಿಲ್ಲ ಎಂದರೆ ಮುಂದೆ ಫ್ಯೂಯೆಲ್ ಒತ್ತಡ, ಇಜಿಆರ್, ಟರ್ಬೊ, ಕಟ್ಟಿಕೊಂಡ ಸೈಲೆನ್ಸರ್ ನೋಡಬೇಕು. ಅದಕ್ಕೆ ಸಲಕರಣೆ ಬೇಕು. ಹೋಗುವಾಗ ಮೊದಲ ಕೋಡ್‌ಗಳು, ಐಡಲಿಂಗ್ ಮತ್ತು 2500 ಆರ್‌ಪಿಎಂನ ಟ್ರಿಮ್, ಕ್ಲೀನಿಂಗ್‌ಗೆ ಮೊದಲಿನ ಮತ್ತು ಆಮೇಲಿನ ಏರ್‌ಫ್ಲೋ ರೀಡಿಂಗ್, ಇಷ್ಟನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ಅದನ್ನು ಕೈಗೆ ಕೊಟ್ಟರೆ ಮೆಕ್ಯಾನಿಕ್ ಮೊದಲಿಂದ ಶುರು ಮಾಡಬೇಕಿಲ್ಲ.